ಬೀಗ ಹಾಕಿದ ಲ್ಯಾಬಿನ ಕರೆಂಟು: ರಾಯಚೂರಿನ ಒಂದು ತರಗತಿಯ ಪ್ರಕರಣ ಅಧ್ಯಯನ

2025ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ರಾಯಚೂರಿನ ಒಂದು ಸ್ನಾತಕೋತ್ತರ ಕಂಪ್ಯೂಟರ್ ವಿಭಾಗದಲ್ಲಿ, ಸುಸ್ಥಿರ ಕಂಪ್ಯೂಟಿಂಗ್ ಮತ್ತು ತಂತ್ರಜ್ಞಾನ ಉದ್ಯಮಶೀಲತೆ ಎಂಬ ಐಚ್ಛಿಕ ವಿಷಯವನ್ನು 24 ವಿದ್ಯಾರ್ಥಿಗಳಿಗೆ ನಾನು ಕಲಿಸಿದೆ. ಪಠ್ಯಕ್ರಮದ ಕಾಗದದಲ್ಲಿ ಈ ವಿಷಯ ಎರಡು ತುಂಡಾಗಿತ್ತು. ಮೊದಲರ್ಧದಲ್ಲಿ ವಿದ್ಯುತ್ತು, ಇ-ತ್ಯಾಜ್ಯ, ಇಂಗಾಲದ ಲೆಕ್ಕ. ಎರಡನೆಯರ್ಧದಲ್ಲಿ ಸ್ಟಾರ್ಟಪ್, ವ್ಯವಹಾರದ ಮಾದರಿ, ಬಂಡವಾಳ. ಹಾಗೆಯೇ ಕಲಿಸಿದ್ದರೆ ವಿದ್ಯಾರ್ಥಿಗಳು ಮೊದಲರ್ಧದಲ್ಲಿ ಪರಿಸರದ ಬಗ್ಗೆ ಒಳ್ಳೆಯ ಮಾತು ಬರೆದು, ಎರಡನೆಯರ್ಧದಲ್ಲಿ ಯಾವುದೋ ಆ್ಯಪ್‌ನ ಸ್ಲೈಡು ತೋರಿಸಿ, ಎರಡಕ್ಕೂ ಅಂಕ ಪಡೆದು ಹೋಗುತ್ತಿದ್ದರು. ಈ ಎರಡು ತುಂಡುಗಳನ್ನು ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯಲು ಸಾಧ್ಯವೇ ಎಂಬ ಪ್ರಯತ್ನದಲ್ಲಿ ಏನೇನಾಯಿತು ಎಂಬುದನ್ನು, ಎಡವಿದ ಕಡೆಗಳನ್ನೂ ಸೇರಿಸಿ, ಇಲ್ಲಿ ದಾಖಲಿಸಿದ್ದೇನೆ.

ಪ್ರಕರಣ ನಮ್ಮ ಕಟ್ಟಡದಲ್ಲಿಯೇ ಸಿಕ್ಕಿತು. ವಿಭಾಗದ ಲ್ಯಾಬಿನಲ್ಲಿ ಹತ್ತು ವರ್ಷ ಹಳೆಯದಾದ 36 ಡೆಸ್ಕ್‌ಟಾಪ್‌ಗಳಿದ್ದವು. ಎಲ್ಲವೂ 4 ಜಿಬಿ ರ್‍ಯಾಮಿನವು, ತಿರುಗುವ ಹಾರ್ಡ್‌ಡಿಸ್ಕಿನವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಇಂಟೆಲ್ ಆದರೆ ಎಂಟನೆಯ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ನಮ್ಮ ಯಂತ್ರಗಳಲ್ಲಿ ಒಂದೂ ಆ ಪರೀಕ್ಷೆಯಲ್ಲಿ ಪಾಸಾಗುವಂತಿರಲಿಲ್ಲ. ಎಲ್ಲವನ್ನೂ ಡೆಡ್‌ಸ್ಟಾಕ್ ರಿಜಿಸ್ಟರಿನಿಂದ (ವಿಭಾಗದ ಸಾಮಾನುಗಳ ಪಟ್ಟಿಯಿಂದ) ತೆಗೆದು, ಹರಾಜು ಹಾಕಿ, ಹೊಸದನ್ನು ಕೊಳ್ಳಬೇಕೆಂಬ ಟಿಪ್ಪಣಿ ಆಗಲೇ ಕಡತ ಸೇರಿತ್ತು. ಆ ಟಿಪ್ಪಣಿಯ ಪ್ರತಿಯೊಂದನ್ನು ವಿದ್ಯಾರ್ಥಿಗಳ ಮುಂದಿಟ್ಟು, ಸೆಮಿಸ್ಟರ್ ಮುಗಿಯುವುದರೊಳಗೆ ಇದಕ್ಕೆ ನಿಮ್ಮ ಉತ್ತರ ಬರೆದುಕೊಡಿ ಎಂದೆ.

ಮೊದಲ ಮೂರು ವಾರಗಳು

ಆರಂಭದಲ್ಲಿ ನಾನು ತಪ್ಪು ದಾರಿ ಹಿಡಿದೆ. ಜಗತ್ತಿನ ಡೇಟಾ ಸೆಂಟರ್‌ಗಳು 2024ರಲ್ಲಿ ಸುಮಾರು 415 ಟೆರಾವ್ಯಾಟ್ ಗಂಟೆ ವಿದ್ಯುತ್ ಬಳಸಿದವು, ಅದು ಜಗತ್ತಿನ ಒಟ್ಟು ಬಳಕೆಯ ಶೇಕಡ 1.5ರಷ್ಟು ಎಂಬ ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಅಂಕಿಯಿಂದ ಪಾಠ ಆರಂಭಿಸಿದ್ದೆ. ಹುಡುಗರು ಬರೆದುಕೊಂಡರು, ಅಷ್ಟೇ. ದೇವದುರ್ಗದಿಂದಲೂ ಮಾನ್ವಿಯಿಂದಲೂ ಬೆಳಿಗ್ಗೆ ಬಸ್ಸು ಹಿಡಿದು ಬರುವ, ಮನೆಯಲ್ಲಿ ರಾತ್ರಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಯಾವಾಗ ಬರುತ್ತದೆಂದು ಕಾದು ಕೂತ ಅನುಭವವಿರುವ ಹುಡುಗರಿಗೆ ಟೆರಾವ್ಯಾಟ್ ಎಂಬುದು ದೂರದ ಊರಿನ ಸುದ್ದಿಯಾಗಿತ್ತು. ಕರೆಂಟಿನ ಬೆಲೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಅದನ್ನು ಅವರಿಗೆ ಗೊತ್ತಿಲ್ಲದ ಅಳತೆಯಲ್ಲಿ ಹೇಳುತ್ತಿದ್ದೆ.

ನಾಲ್ಕನೆಯ ವಾರ ಶಕ್ತಿನಗರದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಕಡೆ ಹೋದೆವು. ರಾಯಚೂರಿನಿಂದ ಹೈದರಾಬಾದ್ ರಸ್ತೆಯಲ್ಲಿ ಕೃಷ್ಣೆಯ ದಂಡೆಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಸ್ಥಾವರದ ಒಳಗೆ ಹೋಗುವ ಅನುಮತಿಯನ್ನು ನಾವು ಕೇಳಲಿಲ್ಲ, ನಮಗೆ ರಸ್ತೆಯ ಬದಿಯೇ ಸಾಕಿತ್ತು. ಚಿಮಣಿಗಳು, ಕಲ್ಲಿದ್ದಲಿನ ರೈಲು, ರಸ್ತೆಯಂಚಿನ ಜಾಲಿಗಿಡಗಳ ಎಲೆಯ ಮೇಲೆ ಬೂದಿ. 1985ರಲ್ಲಿ ಮೊದಲ ಘಟಕ ಶುರುವಾದ ಈ ಸ್ಥಾವರದ ಸಾಮರ್ಥ್ಯ ಈಗ 1,720 ಮೆಗಾವ್ಯಾಟ್. ಊರಿನ ಮಗ್ಗುಲಲ್ಲೇ ಇರುವ ಯರಮರಸಿನದು 1,600. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲೇ ಶೇಕಡ 30ರಿಂದ 40ರವರೆಗೆ ಇರುತ್ತದೆ ಎಂದು ಹೇಳುವ ಮೊದಲೇ ಲಿಂಗಸುಗೂರಿನ ವಿದ್ಯಾರ್ಥಿನಿಯೊಬ್ಬಳು ಜಾಲಿಯ ಎಲೆಯನ್ನು ಬೆರಳಿನಿಂದ ಒರೆಸಿ ಬೆರಳನ್ನು ನೋಡಿಕೊಳ್ಳುತ್ತಿದ್ದಳು.

ಅಲ್ಲಿಯೇ ಒಂದು ಒಳ್ಳೆಯ ಪ್ರಶ್ನೆ ಬಂತು. ಹಾಗಾದರೆ ನಮ್ಮ ಲ್ಯಾಬಿನ ಕರೆಂಟು ಪೂರ್ತಿ ಕಲ್ಲಿದ್ದಲಿನದೇ? ಇದಕ್ಕೆ ಉತ್ತರ ಕೊಡಲು ರಾಯಚೂರಿಗಿಂತ ಒಳ್ಳೆಯ ಊರು ಇಲ್ಲವೆಂದು ನನಗನ್ನಿಸುತ್ತದೆ. ದಕ್ಷಿಣದ ಗ್ರಿಡ್, ಎಂದರೆ ವಿದ್ಯುತ್ ಜಾಲ, ದೇಶದ ಉಳಿದ ಗ್ರಿಡ್ಡಿನೊಡನೆ ಒಂದಾದದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ. ಅಂದಿನಿಂದ ಇಡೀ ದೇಶ ಒಂದೇ ಕೆರೆ. ಶಕ್ತಿನಗರದ ಕಲ್ಲಿದ್ದಲಿನದು, ಪಾವಗಡದ ಬಿಸಿಲಿನದು, ಕೊಪ್ಪಳ ಗದಗಿನ ಗಾಳಿಯದು ಎಲ್ಲವೂ ಅದೇ ಕೆರೆಗೆ ಬಂದು ಬೀಳುತ್ತವೆ. ನಾವು ಎತ್ತಿದ ಕೊಡದಲ್ಲಿರುವುದು ಯಾವ ಹಳ್ಳದ ನೀರೆಂದು ಹೇಳಲಾಗುವುದಿಲ್ಲ. ಆದ್ದರಿಂದ ಸರಾಸರಿ ಹಿಡಿಯಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ಲೆಕ್ಕದಂತೆ ಅದು ಯೂನಿಟ್ಟಿಗೆ 0.7 ಕೆಜಿಗಿಂತ ಸ್ವಲ್ಪ ಹೆಚ್ಚು ಇಂಗಾಲದ ಡೈಆಕ್ಸೈಡ್. ಲೆಕ್ಕಕ್ಕೆ ಸುಲಭವಾಗಲೆಂದು 0.7 ಎಂದೇ ಹಿಡಿದುಕೊಂಡೆವು. ಮಧ್ಯಾಹ್ನ ಸೌರವಿದ್ಯುತ್ ಹೆಚ್ಚಿರುವಾಗ ಈ ಅಂಕಿ ಇಳಿಯುತ್ತದೆ, ರಾತ್ರಿ ಏರುತ್ತದೆ. ಇಷ್ಟು ತಿಳಿದ ಮೇಲೆ, ಲ್ಯಾಬಿನ ಅಪ್‌ಡೇಟು ಮತ್ತು ಬ್ಯಾಕಪ್‌ಗಳನ್ನು ರಾತ್ರಿಗೆ ಇಟ್ಟದ್ದು ಏಕೆಂದು ಅವರೇ ಕೇಳಿದರು. ನಾನೇ ಇಟ್ಟದ್ದು, ಯೋಚಿಸದೆ.

ಭಾನುವಾರದ ಮೀಟರು

ಹೊಸ ಕಂಪ್ಯೂಟರ್ ಕೊಳ್ಳಬೇಕೋ ಬೇಡವೋ ಎಂದು ಹೇಳಬೇಕಾದರೆ ಹಳೆಯದು ಎಷ್ಟು ಉಣ್ಣುತ್ತದೆಂದು ಗೊತ್ತಿರಬೇಕು. ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಎರಡು ವ್ಯಾಟ್‌ಮೀಟರುಗಳನ್ನು ತಂದೆವು. ಸಾಮಾನ್ಯ ಕೆಲಸದಲ್ಲಿ ಹಳೆಯ ಪೆಟ್ಟಿಗೆ 47 ವ್ಯಾಟ್, ಮಾನಿಟರ್ 18, ಒಟ್ಟು 65. ದಿನಕ್ಕೆ ಐದು ಗಂಟೆ, ವರ್ಷಕ್ಕೆ 220 ದಿನ ಎಂದರೆ 1,100 ಗಂಟೆ. 36 ಯಂತ್ರಗಳಿಗೆ ವರ್ಷಕ್ಕೆ ಸುಮಾರು 2,570 ಯೂನಿಟ್. ಅಷ್ಟಕ್ಕೆ ಮುಗಿಯಿತೆಂದು ನಾನು ಭಾವಿಸಿದ್ದೆ.

ಒಂದು ಗುಂಪು ಒಪ್ಪಲಿಲ್ಲ. ಲ್ಯಾಬಿನ ಬೋರ್ಡಿನಲ್ಲಿರುವ ಮೀಟರಿನ ಕೆಂಪು ದೀಪ ಶನಿವಾರ ಸಂಜೆ ಬೀಗ ಹಾಕುವಾಗಲೂ ಮಿನುಗುತ್ತಿತ್ತು, ಎಲ್ಲ ಆಫ್ ಆಗಿರುವಾಗ ಅದು ಮಿನುಗಬೇಕೇಕೆ ಎಂಬುದು ಅವರ ಪ್ರಶ್ನೆ. ಭಾನುವಾರ ಬೆಳಿಗ್ಗೆ ಇಬ್ಬರು ಬಂದು, ದೀಪ, ಫ್ಯಾನು, ಎಸಿಗಳ ಎಂಸಿಬಿ ಸ್ವಿಚ್ಚುಗಳನ್ನು ಇಳಿಸಿ, ಮೀಟರಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತರು. ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ 800 ಮಿನುಗು ಎಂದು ಅಚ್ಚಾಗಿತ್ತು. ಒಬ್ಬ ಫೋನಿನಲ್ಲಿ ಅರ್ಧ ಗಂಟೆಯ ಗಡಿಯಾರ ಹಚ್ಚಿದ, ಇನ್ನೊಬ್ಬ ಐದೈದರ ಕಟ್ಟು ಕಟ್ಟಿ ನೋಟ್‌ಬುಕ್ಕಿನಲ್ಲಿ ಗೀಟು ಎಳೆದ. 102 ಗೀಟು. ಎಂದರೆ 0.1275 ಯೂನಿಟ್ ಅರ್ಧ ಗಂಟೆಗೆ, 255 ವ್ಯಾಟ್. ಬಳಿಕ ಯುಪಿಎಸ್‌ನಿಂದ ಕಂಪ್ಯೂಟರುಗಳಿಗೆ ಹೋಗುವ ಸ್ವಿಚ್ಚನ್ನೂ ಇಳಿಸಿ ಮತ್ತೆ ಎಣಿಸಿದರು. 78 ಗೀಟು, 195 ವ್ಯಾಟ್. ಹಾಗಾದರೆ 195 ವ್ಯಾಟ್ ಯುಪಿಎಸ್ ತಾನು ಸುಮ್ಮನೆ ಎಚ್ಚರವಾಗಿರಲು ತಿನ್ನುವುದು, ಉಳಿದ 60 ವ್ಯಾಟ್ ‘ಆಫ್’ ಆಗಿರುವ 36 ಯಂತ್ರಗಳದು.

ವರ್ಷಕ್ಕೆ 8,760 ಗಂಟೆ. ಲ್ಯಾಬು ನಡೆಯುವ 1,100 ಕಳೆದರೆ ಉಳಿದ 7,660 ಗಂಟೆ ಅದು ಬೀಗದೊಳಗಿರುತ್ತದೆ. ಆ ಹೊತ್ತಿನಲ್ಲಿ 255 ವ್ಯಾಟಿನಂತೆ ಸುಮಾರು 1,950 ಯೂನಿಟ್, 1,360 ಕೆಜಿಯ ಆಸುಪಾಸಿನ ಇಂಗಾಲದ ಡೈಆಕ್ಸೈಡ್. ಒಬ್ಬ ವಿದ್ಯಾರ್ಥಿಯೂ ಕೂರದ ಕೋಣೆ ಇಷ್ಟನ್ನು ತಿನ್ನುತ್ತಿತ್ತು. ಸೋಮವಾರ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಾಗ ತರಗತಿಯಲ್ಲಿ ಮೂಡಿದ ಮೌನವನ್ನು ನಾನು ಹದಿನಾರು ವರ್ಷಗಳ ಅಧ್ಯಾಪನದಲ್ಲಿ ಹೆಚ್ಚು ಸಲ ಕಂಡಿಲ್ಲ. ಆ ಅಂಕಿಯನ್ನು ಯಾವ ಪುಸ್ತಕವೂ ಅವರಿಗೆ ಕೊಟ್ಟಿರಲಿಲ್ಲ.

ಯುಪಿಎಸ್ ಆರಿಸುವಂತಿಲ್ಲ, ಬ್ಯಾಟರಿ ಹಾಳಾಗುತ್ತದೆ ಎಂಬುದು ನಿರ್ವಹಣೆಯವರು ಹಿಂದಿನಿಂದ ಹೇಳಿಕೊಂಡು ಬಂದ ಮಾತು. ಅದನ್ನೂ ವಿದ್ಯಾರ್ಥಿಗಳು ಪರಿಶೀಲಿಸಿದರು. ಮುಚ್ಚಿದ ಸೀಸ-ಆಮ್ಲದ ಬ್ಯಾಟರಿಯ ಆಯುಸ್ಸನ್ನು 25 ಡಿಗ್ರಿ ಉಷ್ಣತೆಗೆ ಲೆಕ್ಕ ಹಾಕಿರುತ್ತಾರೆ. ಅದಕ್ಕಿಂತ ಸುಮಾರು ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ನಮ್ಮ ಬ್ಯಾಟರಿಗಳು ಕಿಟಕಿಯಿಲ್ಲದ ಮೂಲೆಕೋಣೆಯಲ್ಲಿದ್ದವು. ಸೆಪ್ಟೆಂಬರ್‌ನಲ್ಲೇ ಅಲ್ಲಿ ಇಟ್ಟ ಉಷ್ಣಮಾಪಕ 37 ತೋರಿಸಿತು. ಏಪ್ರಿಲ್, ಮೇ ತಿಂಗಳ ರಾಯಚೂರಿನಲ್ಲಿ ಅದು ಎಲ್ಲಿಗೆ ಹೋಗುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬ್ಯಾಟರಿಯನ್ನು ಕೊಲ್ಲುತ್ತಿದ್ದುದು ಆ ಸೆಕೆ. ವಾರಕ್ಕೆ ಒಂದೂವರೆ ದಿನ ಆರಿಸಿಟ್ಟರೆ ಸೀಸದ ಬ್ಯಾಟರಿ ತಾನಾಗಿ ಕಳೆದುಕೊಳ್ಳುವ ಚಾರ್ಜು ಲೆಕ್ಕಕ್ಕೆ ಬರುವಷ್ಟೂ ಅಲ್ಲ.

ಹಳೆಯದೋ ಹೊಸದೋ

ಇಂಗಾಲದ ಲೆಕ್ಕದಲ್ಲಿ ಯಂತ್ರ ಓಡಲು ಬೇಕಾದ ವಿದ್ಯುತ್ತಿನಷ್ಟೇ ಮುಖ್ಯವಾದದ್ದು ಅದನ್ನು ತಯಾರಿಸುವಾಗ ಆಗಿಹೋದ ಹೊರಸೂಸುವಿಕೆ. ಈ ಎರಡನ್ನೂ ಕೂಡಿಸಿ, ಆದ ಕೆಲಸದಿಂದ ಭಾಗಿಸುವ ಒಂದು ಸೂತ್ರವನ್ನು 2021ರಲ್ಲಿ ಸ್ಥಾಪನೆಯಾದ ಗ್ರೀನ್ ಸಾಫ್ಟ್‌ವೇರ್ ಫೌಂಡೇಶನ್ ರೂಪಿಸಿದೆ. 2024ರಲ್ಲಿ ಅದು ಐಎಸ್‌ಒ ಮಾನಕವೂ ಆಯಿತು. ಬಳಸಿದ ವಿದ್ಯುತ್ತನ್ನು ಗ್ರಿಡ್ಡಿನ ಅಂಕಿಯಿಂದ ಗುಣಿಸಿ, ತಯಾರಿಕೆಯ ಪಾಲನ್ನು ಕೂಡಿಸಿ, ಒಂದು ಏಕಮಾನದಿಂದ ಭಾಗಿಸಬೇಕು. ಆ ಏಕಮಾನ ಯಾವುದೆಂದು ಆರಿಸುವುದರಲ್ಲಿಯೇ ಅರ್ಧ ಪಾಠವಿದೆ. ಒಂದು ಯಂತ್ರಕ್ಕೆ ಎಷ್ಟು ಎಂದು ಕೇಳಿದಾಗ ನಮ್ಮ ಲ್ಯಾಬು ಚೆನ್ನಾಗಿಯೇ ಕಂಡಿತು. ಒಬ್ಬ ವಿದ್ಯಾರ್ಥಿಯ ಒಂದು ಗಂಟೆಯ ಕಲಿಕೆಗೆ ಎಷ್ಟು ಎಂದು ಕೇಳಿದಾಗ, ಮಧ್ಯಾಹ್ನ 36 ಯಂತ್ರ ಚಾಲೂ ಮಾಡಿ 14 ಜನ ಕುಳಿತಿರುತ್ತಿದ್ದುದು ಬಯಲಾಯಿತು. ಎರಡು ಎಸಿಗಳು ಕಂಪ್ರೆಸರ್ ಓಡುವಾಗ ಎಳೆಯುವ ಮೂರು ಕಿಲೋವ್ಯಾಟ್ ಆ ಎಲ್ಲ ಯಂತ್ರಗಳಿಗಿಂತ ಹೆಚ್ಚು ಎಂಬುದೂ ಆಗಲೇ ಗೊತ್ತಾದದ್ದು.

ಹಳೆಯದನ್ನು ಉಳಿಸುವುದೇ ಸದಾ ಸರಿ ಎಂಬ ನಂಬಿಕೆ ತರಗತಿಯಲ್ಲಿ ಬಹಳ ಜನಕ್ಕಿತ್ತು, ನನಗೂ ಇತ್ತು. ಲೆಕ್ಕ ಅದನ್ನು ಅರ್ಧ ಮಾತ್ರ ಒಪ್ಪಿತು. ಈಗ ಸಿಗುವ ಪುಟ್ಟ ಪೆಟ್ಟಿಗೆಯ ಕಂಪ್ಯೂಟರೊಂದು 12 ವ್ಯಾಟಿನಲ್ಲಿ ಅದೇ ಕೆಲಸ ಮಾಡುತ್ತದೆ, ಮಾನಿಟರು ಹಳೆಯದೇ ಇರಲಿ. ಉಳಿತಾಯ 35 ವ್ಯಾಟ್. ಅದರ ತಯಾರಿಕೆಯ ಹೊರಸೂಸುವಿಕೆಯನ್ನು 150 ಕೆಜಿ ಎಂದು ನಾವು ಊಹಿಸಿಕೊಂಡೆವು. ನಮ್ಮ ಲ್ಯಾಬಿನ 1,100 ಗಂಟೆಗೆ ವರ್ಷಕ್ಕೆ ಉಳಿಯುವುದು 38.5 ಯೂನಿಟ್, 27 ಕೆಜಿ. ತಯಾರಿಕೆಯ ಸಾಲ ತೀರಲು ಐದೂವರೆ ವರ್ಷ ಬೇಕು. ಆದರೆ ತೀನ್ ಕಂದೀಲ್ ಹತ್ತಿರದ ಜೆರಾಕ್ಸ್ ಅಂಗಡಿಯೊಂದರಲ್ಲಿ ಅಂಥದೇ ಯಂತ್ರ ದಿನಕ್ಕೆ 12 ಗಂಟೆ, ವರ್ಷಕ್ಕೆ 330 ದಿನ ಓಡುತ್ತದೆ. ಅಲ್ಲಿ ಉಳಿತಾಯ ಸುಮಾರು 139 ಯೂನಿಟ್, 97 ಕೆಜಿ. ಸಾಲ ತೀರಲು ಒಂದೂವರೆ ವರ್ಷ ಸಾಕು. ಯಂತ್ರ ಅದೇ, ಊರೂ ಅದೇ, ಉತ್ತರ ಮಾತ್ರ ಬೇರೆ. ನಮ್ಮ ಲ್ಯಾಬು ಹಳೆಯದನ್ನು ಇಟ್ಟುಕೊಳ್ಳಬೇಕು, ಆ ಅಂಗಡಿ ಬದಲಾಯಿಸಬೇಕು.

ಹೀಗೆಂದು ಆ ಅಂಗಡಿಯವರಿಗೆ ಹೇಳಿ ಬರಲು ಹೋದ ಗುಂಪು ಅರ್ಧ ಗಂಟೆಯಲ್ಲಿ ಹಿಂತಿರುಗಿತು. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ 139 ಯೂನಿಟ್ ಉಳಿಸಿದರೆ ವರ್ಷಕ್ಕೆ ಸಿಗುವುದು ಸಾವಿರ ರೂಪಾಯಿಗೂ ಕಡಿಮೆ. ಹೊಸ ಪೆಟ್ಟಿಗೆಗೆ 20 ಸಾವಿರ. ಇಂಗಾಲದ ಸಾಲ ಒಂದೂವರೆ ವರ್ಷದಲ್ಲಿ ತೀರಿದರೆ ದುಡ್ಡಿನ ಸಾಲ ತೀರಲು ಇಪ್ಪತ್ತು ವರ್ಷ. ಪಠ್ಯಕ್ರಮದ ಎರಡು ತುಂಡುಗಳು ನಿಜವಾಗಿ ಒಂದಕ್ಕೊಂದು ಕೂಡಿದ್ದು ಆ ಅಂಗಡಿಯ ಕಟ್ಟೆಯ ಮೇಲೆ.

ಗಿರಾಕಿ ಯಾರು

ಇಲ್ಲಿಂದ ಮುಂದೆ ಪ್ರಶ್ನೆ ಬದಲಾಯಿತು. ಲ್ಯಾಬಿನಲ್ಲಿ ವರ್ಷಕ್ಕೆ 1,950 ಯೂನಿಟ್ ಉಳಿಸಬಹುದು ಎಂಬುದು ಸಾಬೀತಾಗಿತ್ತು. ಆ ಉಳಿತಾಯವನ್ನು ಕೊಳ್ಳುವವರು ಯಾರು? ವಿಭಾಗ ಬಿಲ್ಲು ಕಟ್ಟುವುದಿಲ್ಲ, ಬಿಲ್ಲು ಕಟ್ಟುವ ಕಚೇರಿ ಯುಪಿಎಸ್ ನೋಡುವುದಿಲ್ಲ, ಯುಪಿಎಸ್ ನೋಡಿಕೊಳ್ಳುವವರಿಗೆ ಅದು ಸದಾ ಚಾಲೂ ಇದ್ದರೇ ನಿಶ್ಚಿಂತೆ. ಉಳಿತಾಯ ಆಗುವುದು ಒಬ್ಬರಿಗೆ, ತೀರ್ಮಾನ ಇನ್ನೊಬ್ಬರದು. ಸುಸ್ಥಿರ ತಂತ್ರಜ್ಞಾನದ ಉದ್ಯಮಗಳು ಎಡವುವುದು ಬಹುಪಾಲು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ತಂತ್ರಜ್ಞಾನ ಕೆಲಸ ಮಾಡುತ್ತದೆ, ಲೆಕ್ಕವೂ ಸರಿಯಿರುತ್ತದೆ, ಆದರೆ ಜೇಬಿಗೆ ಕೈಹಾಕಬೇಕಾದವನಿಗೆ ಅದರಿಂದ ಏನೂ ಸಿಗುವುದಿಲ್ಲ.

ಆರು ಗುಂಪುಗಳಲ್ಲಿ ನಾಲ್ಕು ಈ ಹಂತದಲ್ಲಿ ಆ್ಯಪ್ ಮಾಡುವ ಹಳೆಯ ಆಸೆಗೆ ಮರಳಿದವು: ಎಲೆಯ ಫೋಟೋ ನೋಡಿ ಹತ್ತಿಯ ರೋಗ ಹೇಳುವುದು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ ರೈತರಿಗೆ ನೀರು ಬಿಡುವ ಸುದ್ದಿ ಮುಟ್ಟಿಸುವುದು. ಆಸೆಗಳು ಒಳ್ಳೆಯವೇ. ಆದರೆ ಯಾರೂ ಆ ರೈತರೊಡನೆ ಮಾತನಾಡಿರಲಿಲ್ಲ. ಐದನೆಯ ಗುಂಪು ಹಳೆಯ ಕಂಪ್ಯೂಟರ್ ಕೊಂಡು, ದುರಸ್ತಿ ಮಾಡಿ, ಮಾರಬೇಕೆಂದಿತು. ಗುಜರಿ ಅಂಗಡಿಗೆ ಹೋದಾಗ ಮದರ್‌ಬೋರ್ಡುಗಳು ಗೋಣಿಚೀಲದಲ್ಲಿ ತಕ್ಕಡಿ ಏರುತ್ತಿದ್ದವು. ಒಳಗೆ ಏನಿದೆ, ನಡೆಯುತ್ತದೋ ಇಲ್ಲವೋ ಎಂದು ಕೇಳುವವರೇ ಇಲ್ಲ. ತೂಕಕ್ಕಿಂತ ಹೆಚ್ಚು ಕೊಡುತ್ತೇವೆಂದರೆ ಸರಕು ಸಿಗುವುದು ನಿಶ್ಚಯ. ಆದರೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ದುರಸ್ತಿ ಮಾಡಿ ಮಾರುವವರನ್ನೂ ಒಂದು ವರ್ಗವಾಗಿ ಗುರುತಿಸುತ್ತವೆ. ಅವನ್ನು ಸಾಲುಸಾಲಾಗಿ ಓದಿದ ಮೇಲೆ, ಮಾಲೀಕತ್ವ ಅಂಗಡಿಯವರದೇ ಆಗಿ ಉಳಿದು ದುರಸ್ತಿ ಮಾತ್ರ ನಾವು ಮಾಡುವುದು ಆರಂಭಕ್ಕೆ ನೆಮ್ಮದಿಯ ದಾರಿ ಎಂದು ಆ ಗುಂಪು ತೀರ್ಮಾನಿಸಿ ಆರನೆಯ ಗುಂಪಿನೊಡನೆ ಕೂಡಿಕೊಂಡಿತು.

ಆರನೆಯ ಗುಂಪು ರಾಜೇಂದ್ರ ಗಂಜ್ ಎಂಬ ಕೃಷಿ ಮಾರುಕಟ್ಟೆಗೆ ಹೋಗಿತ್ತು. ಹತ್ತಿ, ಭತ್ತ, ತೊಗರಿಯ ದಲಾಲಿ ಅಂಗಡಿಗಳು. ಮೊದಲ ಸುತ್ತಿನಲ್ಲಿ ತಮ್ಮ ಯೋಜನೆ ವಿವರಿಸಿ ಹೇಗಿದೆ ಎಂದು ಕೇಳಿ ಬಂದರು. ಎಲ್ಲರೂ ಚಹಾ ಕುಡಿಸಿ ಬಹಳ ಚಲೋ ಐತಿ ಅಂದಿದ್ದರು. ನಮ್ಮ ಕಡೆ ಮನೆಬಾಗಿಲಿಗೆ ಬಂದ ಹುಡುಗರಿಗೆ ಯಾರೂ ಕೆಟ್ಟದ್ದು ಹೇಳುವುದಿಲ್ಲ, ಆ ಸೌಜನ್ಯವನ್ನು ಬೇಡಿಕೆ ಎಂದು ತಿಳಿಯಬಾರದು ಎಂದು ಹೇಳಿ ಮತ್ತೆ ಕಳುಹಿಸಿದೆ. ಎರಡನೆಯ ಸುತ್ತಿಗೆ ನಿಯಮ ಎರಡೇ: ಯೋಜನೆಯ ಮಾತೆತ್ತಬಾರದು, ಕಳೆದ ಸಲ ಕಂಪ್ಯೂಟರ್ ಕೈಕೊಟ್ಟದ್ದು ಯಾವಾಗ, ಆಗ ಏನು ಮಾಡಿದಿರಿ, ಎಷ್ಟು ಖರ್ಚಾಯಿತು ಎಂದಷ್ಟೇ ಕೇಳಬೇಕು.

ಈ ಸಲ ಬೇರೆಯದೇ ಲೋಕ ತೆರೆಯಿತು. ಕರೆಂಟಿನ ಬಿಲ್ಲಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ, ಇಂಗಾಲದ ಬಗ್ಗೆಯಂತೂ ಇಲ್ಲವೇ ಇಲ್ಲ. ಒಬ್ಬ ವ್ಯಾಪಾರಿ, “ಟ್ಯಾಲಿದಾಗ ಎಂಟ್ರಿ ಹಾಕೂಮುಂದ ಕರೆಂಟ್ ಹೋದ್ರ ಅವತ್ತಿನ ದಿನಾನ ಹೋದಂಗ ನೋಡ್ರಿ” ಎಂದರಂತೆ. ಟ್ಯಾಲಿ ಎಂದರೆ ಅವರು ಲೆಕ್ಕ ಬರೆಯುವ ತಂತ್ರಾಂಶ. ಪ್ರತಿ ತಿಂಗಳ 20ನೇ ತಾರೀಖಿಗೆ ಜಿಎಸ್‌ಟಿ ರಿಟರ್ನು ಸಲ್ಲಿಸಬೇಕು. 18ಕ್ಕೆ ಹಾರ್ಡ್‌ಡಿಸ್ಕು ಕೈಕೊಟ್ಟರೆ ವರ್ಷದ ಲೆಕ್ಕವೇ ಮಾಯ. ಅದರಲ್ಲೂ ಹತ್ತಿಯ ಹಂಗಾಮಿನಲ್ಲಿ ಅಂಗಡಿಯ ಮುಂದೆ ಗಾಡಿಗಳು ಸಾಲುಗಟ್ಟಿರುವಾಗ ಯಂತ್ರ ನಿಧಾನವಾದರೆ ರೈತನೂ ಕಾಯಬೇಕು, ಹಮಾಲಿಯೂ ಕಾಯಬೇಕು. ನಿಧಾನವಾದ ಯಂತ್ರವನ್ನು ಮೂರ್ನಾಲ್ಕು ವರ್ಷಕ್ಕೊಮ್ಮೆ ಬಿಸಾಕಿ ಹೊಸದು ತರುತ್ತಿದ್ದುದು ಈ ಭಯದಿಂದ.

ಗುಂಪು ರೂಪಿಸಿದ ಸೇವೆ ಸರಳವಾಗಿತ್ತು. ತಿರುಗುವ ಡಿಸ್ಕು ತೆಗೆದು ಚಿಪ್ಪಿನಲ್ಲೇ ದತ್ತಾಂಶ ಇಡುವ, ವೇಗದ ಎಸ್‌ಎಸ್‌ಡಿ ಹಾಕುವುದು, ಅದರ ಬೆಲೆ ಅಂಗಡಿಯವರದು. ಧೂಳು ತೆಗೆದು ಫ್ಯಾನು ಸರಿಪಡಿಸುವುದು. ದಿನವೂ ತಾನಾಗಿ ಬ್ಯಾಕಪ್ ಆಗುವಂತೆ ಮಾಡಿ, ತಿಂಗಳಿಗೊಮ್ಮೆ ಆ ಬ್ಯಾಕಪ್‌ನಿಂದ ನಿಜಕ್ಕೂ ಲೆಕ್ಕ ವಾಪಸು ಬರುತ್ತದೆಯೇ ಎಂದು ಪರೀಕ್ಷಿಸುವುದು. ತಿಂಗಳಿಗೆ 300 ರೂಪಾಯಿ. ವಿಂಡೋಸಿನ ಬದಲು ಹಾಕಬಹುದಾದ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯಲ್ಲಿ ಟ್ಯಾಲಿ ಓಡದ ಕಾರಣ ಅಲ್ಲಿ ವಿಂಡೋಸೇ ಉಳಿಯಿತು. ಭದ್ರತಾ ಬೆಂಬಲ ಇನ್ನೆಷ್ಟು ದಿನ ಎಂಬ ಪ್ರಶ್ನೆಗೆ ಅವರ ಬಳಿ ಪೂರ್ತಿ ಉತ್ತರವಿರಲಿಲ್ಲ, ಅದನ್ನು ಅಂಗಡಿಯವರಿಗೆ ಮುಚ್ಚಿಡದೆ ಹೇಳಿದರು. ಐದು ಅಂಗಡಿಗಳು ಒಪ್ಪಿದವು. ಮೂರು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಏಳುವುದನ್ನು ಕಂಡ ಮೇಲೆ ಹೊಸದು ಕೊಳ್ಳುವ ಮಾತು ಆ ಅಂಗಡಿಗಳಲ್ಲಿ ನಿಂತಿತು. ಯಂತ್ರದ ಆಯುಸ್ಸು ಹೆಚ್ಚಿದ್ದು ಭಯ ನೀಗಿಸಿದ ಸೇವೆಯ ಬೆನ್ನಿಗೆ ಬಂದ ಫಲ.

ಬೆಲೆಯ ಲೆಕ್ಕದಲ್ಲಿ ಇನ್ನೊಂದು ಗಂಟು ಇತ್ತು. ಒಬ್ಬರಿಗೆ ತಿಂಗಳಿಗೆ 15 ಸಾವಿರ ಸಿಗಬೇಕಾದರೆ 50 ಅಂಗಡಿ ಬೇಕು. ತಿಂಗಳ ಉಳಿದ ದಿನಗಳಲ್ಲಿ 50 ಅಂಗಡಿ ನೋಡಬಹುದು. ಆದರೆ 18, 19, 20ರಂದು ಎಲ್ಲರ ಫೋನೂ ಒಟ್ಟಿಗೆ ಬರುತ್ತದೆ. ಆ ಮೂರು ದಿನಗಳಲ್ಲಿ ಒಬ್ಬ ಹುಡುಗ ಬೈಕಿನಲ್ಲಿ ಮುಟ್ಟಬಹುದಾದದ್ದು ಹೆಚ್ಚೆಂದರೆ 25. ಹಾಗಾದರೆ ಬೆಲೆ ಇಮ್ಮಡಿಸಬೇಕು, ಇಲ್ಲವೇ ಆ ಮೂರು ದಿನ ಫೋನೇ ಬರದಂತೆ 15ನೇ ತಾರೀಖಿನೊಳಗೆ ಎಲ್ಲ ಅಂಗಡಿಗಳ ಪರೀಕ್ಷೆ ಮುಗಿಸಬೇಕು. ಎರಡನೆಯದನ್ನು ಆರಿಸಿಕೊಂಡರು. ಎಲ್ಲರೂ ಒಮ್ಮೆಗೇ ಕರೆಂಟು ಎಳೆಯುವ ಹೊತ್ತಿನ, ಗ್ರಿಡ್ಡಿನ ಗರಿಷ್ಠ ಬೇಡಿಕೆಯ ಪಾಠವನ್ನು ಆಗಸ್ಟ್‌ನಲ್ಲಿ ಕೇಳಿದ್ದ ವಿದ್ಯಾರ್ಥಿಯೊಬ್ಬ, ಇದೂ ಅದೇ ಅಲ್ಲವೇ ಎಂದ.

ನುಡಿಯ ಕಡತಗಳು

ಇತ್ತ ನಮ್ಮ ಲ್ಯಾಬಿನ 36 ಯಂತ್ರಗಳಿಗೆ ಹಗುರವಾದ ಲಿನಕ್ಸ್ ಹಾಕುವ ಕೆಲಸ ದಸರೆಯ ರಜೆಯ ನಂತರ ಆರಂಭವಾಯಿತು. ಪ್ರೋಗ್ರಾಮಿಂಗ್ ಪ್ರಯೋಗಗಳಿಗೆ ಯಾವ ಅಡ್ಡಿಯೂ ಬರಲಿಲ್ಲ. ಉತ್ಸಾಹದಲ್ಲಿ ವಿದ್ಯಾರ್ಥಿಗಳು ಕಚೇರಿಯ ಒಂದು ಯಂತ್ರಕ್ಕೂ ಹಾಕಿ, ಗುಮಾಸ್ತರೆದುರು ಒಂದು ಹಳೆಯ ಸುತ್ತೋಲೆಯನ್ನು ತೆರೆದರು. ಪರದೆಯ ಮೇಲೆ ಬಂದದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ. ಅಷ್ಟೂ ವರ್ಷಗಳ ಕಾಗದಪತ್ರಗಳು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿದ್ದವು, ಎಂದರೆ ರೋಮನ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿದವು. ಆ ಫಾಂಟು ಇಲ್ಲದ ಕಡೆ ಕನ್ನಡವೇ ಇಲ್ಲ. ಗುಮಾಸ್ತರು ಏನೂ ಅನ್ನಲಿಲ್ಲ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಪರದೆಯನ್ನೇ ನೋಡಿದರು. ಹುಡುಗರು ಅಂದೇ ಸಂಜೆ ಹಳೆಯ ವ್ಯವಸ್ಥೆ ಮರಳಿ ಹಾಕಿಕೊಟ್ಟರು.

ಈ ಘಟನೆಯನ್ನು ನಾನು ಸೋಲೆಂದು ಬರೆದುಕೊಂಡಿದ್ದೆ. ಈಗ ಹಾಗನ್ನಿಸುತ್ತಿಲ್ಲ. ಒಂದು ಯಂತ್ರ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಅದರ ಚಿಪ್ಪಿನಷ್ಟೇ ಅದರೊಳಗಿನ ಬರಹದ ಲಿಪಿಸಂಕೇತವೂ ತೀರ್ಮಾನಿಸುತ್ತದೆ ಎಂಬ ಮಾತನ್ನು ಬೇರೆ ಭಾಷೆಯ ಪಠ್ಯಪುಸ್ತಕ ನಮಗೆ ಹೇಳಿಕೊಡಲಾರದು. ಲಿನಕ್ಸಿನಲ್ಲಿ ಯುನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಲಿಪಿಸಂಕೇತ) ಕನ್ನಡಕ್ಕೆ ನುಡಿಯಲ್ಲಿದ್ದ ಕಗಪ ಕೀಲಿಮಣೆಯ ವಿನ್ಯಾಸ ಸಿದ್ಧವಾಗಿಯೇ ಸಿಗುತ್ತದೆ, ಬೆರಳಿಗೆ ಅಭ್ಯಾಸ ತಪ್ಪುವುದಿಲ್ಲ. ಉಳಿದದ್ದು ಹಳೆಯ ಕಡತಗಳ ಪರಿವರ್ತನೆ. ಒತ್ತಕ್ಷರ, ಅರ್ಕಾವತ್ತುಗಳಿರುವ ಕಡೆ ತಂತ್ರಾಂಶ ತಪ್ಪುವುದರಿಂದ ಕೊನೆಗೆ ಕನ್ನಡ ಬಲ್ಲವರು ಕೂತು ಓದಿ ತಿದ್ದಲೇಬೇಕು. ಆ್ಯಪ್ ಗುಂಪುಗಳಲ್ಲಿ ಒಂದು ತನ್ನ ಹತ್ತಿರೋಗದ ಯೋಜನೆ ಬಿಟ್ಟು ಇದನ್ನು ಕೈಗೆತ್ತಿಕೊಂಡಿತು. ಟೈಪಿಂಗ್ ಕೇಂದ್ರವೊಂದು ತನ್ನ ಮಾದರಿ ಪತ್ರಗಳನ್ನು ಪುಟಕ್ಕೆ ಎರಡು ರೂಪಾಯಿಯಂತೆ ಪರಿವರ್ತಿಸಲು ಕೊಟ್ಟಿತು.

ಅಂಕಗಳು

ಐವತ್ತು ಆಂತರಿಕ ಅಂಕಗಳಲ್ಲಿ ಸ್ಲೈಡುಗಳಿಗೆ ಐದನ್ನಷ್ಟೇ ಇಟ್ಟೆ. ಇಪ್ಪತ್ತು ಅಳತೆಯ ನೋಟ್‌ಬುಕ್ಕಿಗೆ, ಇಪ್ಪತ್ತು ಮಾತುಕತೆಗಳ ದಾಖಲೆಗೆ, ಐದು ತಮ್ಮ ಯಾವ ಊಹೆ ತಪ್ಪಾಯಿತೆಂದು ಬರೆದ ಒಂದು ಪುಟಕ್ಕೆ. ಆ ಒಂದು ಪುಟ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಅದಕ್ಕೆ ಐದೇ ಅಂಕ ಇಟ್ಟದ್ದು ನನ್ನ ಅಂದಾಜಿನ ತಪ್ಪು, ಮುಂದಿನ ಸಲ ಹದಿನೈದು.

ಈಗಿನ ಸ್ಥಿತಿ

ವಿದ್ಯಾರ್ಥಿಗಳ ಉತ್ತರ ಒಂಬತ್ತು ಪುಟಗಳಲ್ಲಿ ಕಡತ ಸೇರಿತು. 36 ಯಂತ್ರಗಳಲ್ಲಿ 31ನ್ನು ಎಸ್‌ಎಸ್‌ಡಿ ಹಾಕಿ ಇನ್ನೂ ಮೂರು ವರ್ಷ ಇಟ್ಟುಕೊಳ್ಳುವುದು, ಕೆಟ್ಟಿರುವ ಐದನ್ನು ಬಿಡಿಭಾಗಗಳಿಗೆ ಬಳಸಿ ಉಳಿದದ್ದನ್ನು ನೋಂದಾಯಿತ ಮರುಬಳಕೆದಾರರಿಗೆ ಕೊಡುವುದು, ಯುಪಿಎಸ್‌ಗೆ ಸಮಯದ ಸ್ವಿಚ್ಚು, ಬ್ಯಾಟರಿ ಕೋಣೆಗೆ ಗಾಳಿಯ ಫ್ಯಾನು. ಎಸ್‌ಎಸ್‌ಡಿಗೆ ಒಪ್ಪಿಗೆ ಸಿಕ್ಕಿದೆ. ಸಮಯದ ಸ್ವಿಚ್ಚಿನ ಕಡತ ಇನ್ನೂ ಮೇಜಿನಿಂದ ಮೇಜಿಗೆ ಹೋಗುತ್ತಿದೆ.

ಗಂಜಿನ ಸೇವೆ ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಈಗ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದಾರೆ. ಮನೆಯ ಸಾಲವಿರುವ ಹುಡುಗರಿಗೆ ಊರಲ್ಲೇ ಇರಿ ಎಂದು ಹೇಳುವ ಧೈರ್ಯ ನನಗಿಲ್ಲ, ಹೇಳಲೂಬಾರದು. ಇಬ್ಬರು ಉಳಿದಿದ್ದಾರೆ. ಐದರಲ್ಲಿ ಒಂದು ಅಂಗಡಿ ಬಿಟ್ಟುಹೋಗಿ, ಹೊಸದಾಗಿ ಎಂಟು ಸೇರಿವೆ. ಹನ್ನೆರಡು ಅಂಗಡಿಗೆ 3,600 ರೂಪಾಯಿ. ಬೈಕಿನ ಪೆಟ್ರೋಲು ಕಳೆದು ಇಬ್ಬರಲ್ಲಿ ಹಂಚಿದರೆ ಜೀವನ ಸಾಗುವ ದುಡ್ಡಲ್ಲ. ಹತ್ತಿಯ ಹಂಗಾಮು ಮುಗಿಯುವುದರೊಳಗೆ 25 ಮುಟ್ಟಿ, ಬೆಲೆಯನ್ನು 450ಕ್ಕೆ ಏರಿಸಿ ನೋಡುವುದಾಗಿ ಹೇಳಿದ್ದಾರೆ.

ಸ್ವಿಚ್ಚು ಬರುವ ತನಕ ಲ್ಯಾಬ್ ಸಹಾಯಕರು ಪ್ರತಿ ಶನಿವಾರ ಸಂಜೆ ಯುಪಿಎಸ್ಸನ್ನು ಕೈಯಿಂದಲೇ ಇಳಿಸಿ, ಮೀಟರಿನ ಪಕ್ಕದಲ್ಲಿ ದಾರ ಕಟ್ಟಿ ನೇತುಹಾಕಿದ ನೋಟ್‌ಬುಕ್ಕಿನಲ್ಲಿ ಅಂಕಿ ಬರೆಯುತ್ತಾರೆ. ಸೋಮವಾರ ಬೆಳಿಗ್ಗೆ ಬೀಗ ತೆಗೆದ ಕೂಡಲೇ ಮತ್ತೊಮ್ಮೆ ಬರೆಯುತ್ತಾರೆ. ಕಳೆದ ಆರು ವಾರಗಳಿಂದ ಎರಡೂ ಅಂಕಿಗಳು ಒಂದೇ ಇವೆ.